ನಮ್ಮ ಕಡೆಯಿಂದ ಅರ್ಧ ಸೂತು

ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ದೊಡ್ಡದೇನಲ್ಲ, ಬಟ್ಟಲಿಗೆ ಚಮಚ ಬಡಿದಷ್ಟು. ಆದರೆ ಲಲಿತಳ ನಿದ್ದೆ ಹರಿಯಲು ಅಷ್ಟು ಸಾಕಾಗುತ್ತಿತ್ತು. ಮದುವೆಯಾಗಿ ಬಂದ ಹದಿನೇಳು ವರ್ಷಗಳಲ್ಲಿ ಈ ಮನೆಯ ಸರಿರಾತ್ರಿಯ ಸದ್ದುಗಳೆಲ್ಲ ಅವಳಿಗೆ ಪರಿಚಯವಾಗಿದ್ದವು: ಮಾವನ ಕೆಮ್ಮು, ಹಿತ್ತಿಲ ತಗಡಿನ ಮೇಲೆ ಬೆಕ್ಕಿನ ಓಡಾಟ, ದೂರದ ಅಕ್ಕಿ ಗಿರಣಿಯ ಗುಂಯ್‌ಗುಟ್ಟುವಿಕೆ. ಇದು ಅದ್ಯಾವುದೂ ಅಲ್ಲ. ಮಗ್ಗುಲಲ್ಲಿ ಗಂಡ ಬಸವಕುಮಾರ ಗಾಢ ನಿದ್ದೆಯಲ್ಲಿದ್ದ. ಬೆಳಗಿನ ಐದಕ್ಕೆ ಎದ್ದು ಪುಣೆಗೆ ಹೊರಡಬೇಕಾದವನು.

ಅವಳು ಎದ್ದು ಬಾಗಿಲ ಸಂದಿನಿಂದ ನೋಡಿದಳು. ಪಡಸಾಲೆಯ ಸಣ್ಣ ದೀಪದಲ್ಲಿ ಅತ್ತೆ ಶೇಖರಮ್ಮ ನೆಲದ ಮೇಲೆ ಕುಳಿತಿದ್ದರು. ಅವರ ಮುಂದೆ ಪುಣೆಗೆ ಹೋಗಬೇಕಾದ ರಟ್ಟಿನ ಪೆಟ್ಟಿಗೆ ಬಾಯಿ ತೆರೆದಿತ್ತು. ಒಳಗಿದ್ದ ಹನ್ನೆರಡು ಕಬ್ಬಿಣದ ತುಂಡುಗಳನ್ನು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟುಕೊಂಡು, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮದ ಚುಕ್ಕಿ ಇಡುತ್ತಿದ್ದರು. ಮುಗಿದ ಮೇಲೆ ಎಲ್ಲವನ್ನೂ ಇದ್ದ ಹಾಗೆಯೇ ಕಾಗದದಲ್ಲಿ ಸುತ್ತಿ, ಪೆಟ್ಟಿಗೆ ಮುಚ್ಚಿ, ಕೈಮುಗಿದು, ಗೋಡೆ ಹಿಡಿದು ಎದ್ದು ಹೋದರು.

ಈ ಮನೆಯಿಂದ ಯಾವ ಕಬ್ಬಿಣವೂ ಬರಿಹಣೆಯಲ್ಲಿ ಹೊರಗೆ ಹೋದದ್ದಿಲ್ಲ. ಕಾರಟಗಿಯಲ್ಲಿ ಮಾವ ಕೊಟ್ರಪ್ಪನವರ ಶೆಡ್ಡು ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಭತ್ತ ಹೇರುವ ಟ್ರಾಲಿಗಳ ಶೆಡ್ಡು. ಟ್ರಾಲಿ ತಯಾರಾದ ದಿನ ಅದನ್ನು ಒಯ್ಯಲು ರೈತನ ಮನೆಮಂದಿಯೆಲ್ಲ ಬರುತ್ತಿದ್ದರು. ಶೇಖರಮ್ಮ ಎಲ್ಲರಿಗೂ ಹೋಳಿಗೆ ಊಟ ಹಾಕುತ್ತಿದ್ದರು. ಆಮೇಲೆ ಟ್ರಾಲಿಯ ಕೊಕ್ಕೆಗೆ ಹಸಿರು ಕುಬಸದ ಬಟ್ಟೆ ಕಟ್ಟಿ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಐದು ಉತ್ತತ್ತಿ ತುಂಬುತ್ತಿದ್ದರು. ಗಂಡನ ಮನೆಗೆ ಹೋಗುವ ಮಗಳಿಗೆ ಉಡಿ ತುಂಬಿದ ಹಾಗೆಯೇ.

ಲಲಿತ ಈ ಮನೆಯನ್ನು ಮೊದಲ ಸಲ ನೋಡಿದ್ದೂ ಅಂಥದೇ ಒಂದು ದಿನ. ಹತ್ತು ವರ್ಷದವಳು, ಸಿದ್ದಾಪುರದಿಂದ ಅಪ್ಪನ ಜೊತೆ ಬಂದಿದ್ದಳು. ಊಟ ಮಾಡಿ, ಹೊಸ ಟ್ರಾಲಿಯಲ್ಲಿ ನಿಂತು, ಕಾಲುವೆಯ ಏರಿಯ ಮೇಲೆ ಊರಿಗೆ ಹೋಗಿದ್ದಳು. ಬಣ್ಣದ ಹಸಿ ವಾಸನೆ, ತೆನೆಗಟ್ಟಿದ ಭತ್ತದ ವಾಸನೆ, ಬಾಯಲ್ಲಿ ಇನ್ನೂ ಹೂರಣದ ರುಚಿ. ಮುಂದೆ ಇದೇ ಮನೆಯಿಂದ ಸಂಬಂಧ ಬಂದಾಗ ಅಪ್ಪ ಹುಡುಗನ ಬಗ್ಗೆ ಹೆಚ್ಚು ವಿಚಾರಿಸಲಿಲ್ಲ. "ಟ್ರಾಲಿ ಹನ್ನೆರಡು ವರ್ಷ ಆತು, ಒಂದು ಬೆಸುಗಿ ಬಿಟ್ಟಿಲ್ಲ. ಮನಿತನ ಛಲೋ ಐತಿ," ಎಂದಿದ್ದ.

ಈಗ ಟ್ರಾಲಿಗಳಿಗೆ ಆ ದಿನಗಳಿರಲಿಲ್ಲ. ಕಟಾವು ಯಂತ್ರ ಭತ್ತವನ್ನು ಗದ್ದೆಯಂಚಿನಲ್ಲೇ ಲಾರಿಗೆ ಸುರಿಯುತ್ತಿತ್ತು. ದೀಪಾವಳಿಗೆ ಮುಂಚೆ ಹದಿನೈದು ಟ್ರಾಲಿ ಸಾಲಾಗಿ ನಿಲ್ಲುತ್ತಿದ್ದ ಅಂಗಳದಲ್ಲಿ ವರ್ಷಕ್ಕೆ ನಾಲ್ಕು ನಿಂತರೆ ಹೆಚ್ಚು. ಅಷ್ಟರಲ್ಲಿ ಕುಷ್ಟಗಿ ರಸ್ತೆಯ ಬದಿಗೆ ಬ್ಯಾಟರಿಯಿಂದ ಓಡುವ ಸಣ್ಣ ಸರಕುಗಾಡಿಗಳ ಕಾರ್ಖಾನೆ ಬರುತ್ತದೆ ಎಂಬ ಸುದ್ದಿ ಎದ್ದಿತು. ಬಂಡವಾಳ ಹಾಕುವವರು ಕೊರಿಯಾದವರು. ಅವರ ಕಣ್ಣು ಇನ್ನೂ ಎರಡು ರಾಜ್ಯಗಳ ಜಾಗದ ಮೇಲೂ ಇತ್ತು. ಕೊಪ್ಪಳದ ಸಭೆಯಲ್ಲಿ ಅಧಿಕಾರಿಗಳು ಅವರ ಷರತ್ತನ್ನು ಬಿಡಿಸಿ ಹೇಳಿದ್ದರು: ಜಿಲ್ಲೆಯ ಹತ್ತು ಶೆಡ್ಡುಗಳು ಮಾದರಿ ಭಾಗಗಳನ್ನು ಮಾಡಿ ಪುಣೆಯಲ್ಲಿರುವ ಅವರ ಪರೀಕ್ಷಾ ಕೇಂದ್ರಕ್ಕೆ ಕೊಡಬೇಕು, ಆರಾದರೂ ಪಾಸಾದರೆ ಇಲ್ಲಿ ಕೆಲಸ ಬಲ್ಲ ಕೈಗಳಿವೆ ಎಂದು ಅವರು ನಂಬುತ್ತಾರೆ. ಇಲ್ಲದಿದ್ದರೆ ದುಡ್ಡು ಬೇರೆ ಕಡೆ ಹೋಗುತ್ತದೆ.

ಕೊಟ್ರಪ್ಪನವರ ಶೆಡ್ಡಿಗೆ ಬಂದದ್ದು ಗಾಡಿಯ ಚೌಕಟ್ಟಿಗೂ ಸ್ಪ್ರಿಂಗಿಗೂ ನಡುವೆ ಕೂರುವ ಒಂದು ತುಂಡು. ಕಂಪನಿಯವರು ಬ್ರ್ಯಾಕೆಟ್ ಎನ್ನುತ್ತಿದ್ದರು. ಶೆಡ್ಡಿನಲ್ಲಿ ಅದಕ್ಕೆ ಮೊದಲಿನಿಂದಲೂ 'ಕಿವಿ' ಎಂದೇ ಹೆಸರು. ಅರ್ಜಿಯನ್ನು ಇಂಗ್ಲಿಷಿನಲ್ಲಿ ತುಂಬಿದವಳು ಲಲಿತ, ಎಂ.ಎ. ಓದಿ ಇಲ್ಲಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಒಂದೊಂದು ಪದವನ್ನೂ ಎರಡು ಸಲ ತೂಗಿ ಬರೆದಿದ್ದಳು. ಫೋನ್ ನಂಬರೂ ಅವಳದೇ.

ಅದಕ್ಕೇ ಆ ರಾತ್ರಿ ಅವಳಿಗೆ ಮತ್ತೆ ನಿದ್ದೆ ಬರಲಿಲ್ಲ. ಪುಣೆಯ ಗಾಜಿನ ಕೋಣೆಯಲ್ಲಿ ಯಾರೋ ಪೆಟ್ಟಿಗೆ ತೆರೆಯುತ್ತಾರೆ. ವಿಭೂತಿ ಕುಂಕುಮ ನೋಡಿ ನಗುತ್ತಾರೆ. ಕೊಳೆ ಎಂದು ಬರೆದುಕೊಳ್ಳುತ್ತಾರೆ. ಅತ್ತೆಯ ಕೋಣೆಯ ದೀಪ ಆರಿದ ಮೇಲೆ ಅವಳು ಅಡುಗೆಮನೆಯಿಂದ ಒದ್ದೆ ಬಟ್ಟೆ ತಂದಳು. ಹನ್ನೆರಡು ಕಿವಿಗಳನ್ನೂ ದುಂಡಗೆ, ತಾಟು ಒರೆಸಿದ ಹಾಗೆ, ಚೊಕ್ಕಟವಾಗಿ ಒರೆಸಿ ಮತ್ತೆ ಸುತ್ತಿಟ್ಟಳು. ಅತ್ತೆಗೆ ಬೇಸರವಾಗುವುದು ಬೇಡ, ಗಂಡನಿಗೆ ಅವಮಾನವಾಗುವುದೂ ಬೇಡ.

ಉತ್ತರ ಬರಲು ಮೂರು ವಾರ ಬೇಕು ಎಂದಿದ್ದರು. ಆ ಮೂರು ವಾರ ಬಸವಕುಮಾರ ಸುಮ್ಮನೆ ಕೂರಲಿಲ್ಲ. ಕಂಪನಿಯವರು ಯಾವಾಗ ಬೇಕಾದರೂ ನೋಡಲು ಬರಬಹುದೆಂದು ಶೆಡ್ಡಿಗೆ ಸುಣ್ಣ ಹೊಡೆಸಿದ. ಹಿಂದಿನ ಗೋಡೆಗೂ.

ಹಿಂದಿನ ಗೋಡೆ ಪೇಂಟರನ ಗೋಡೆಯಾಗಿತ್ತು. ಒಂದೊಂದು ಟ್ರಾಲಿಗೆ ಬಣ್ಣ ಮುಗಿದಾಗ ಅವನು ಕುಂಚವನ್ನು ಅದಕ್ಕೇ ಒರೆಸುತ್ತಿದ್ದ. ನಲವತ್ತು ವರ್ಷಗಳ ಕೆಂಪು, ಹಳದಿ, ನೀಲಿ ಗೆರೆಗಳು. ಆ ಮೂಲೆಯ ಗಿಳಿಹಸಿರು ಗೆರೆ ತನ್ನ ಅಪ್ಪನ ಟ್ರಾಲಿಯದು ಎಂದು ಮದುವೆಯಾದ ಹೊಸತರಲ್ಲಿ ಲಲಿತ ಹುಡುಕಿಟ್ಟುಕೊಂಡಿದ್ದಳು. ಸುಣ್ಣದವನು ಮಧ್ಯಾಹ್ನದೊಳಗೆ ಎಲ್ಲವನ್ನೂ ಬಿಳಿ ಮಾಡಿ ಚಹಾ ಕುಡಿದು ಹೋದ. ಊಟಕ್ಕೆ ಕೂತಾಗ ಕೊಟ್ರಪ್ಪ ಅಂದರು.

"ಗ್ವಾಡಿ ಭಾಳ ಛಂದ ಆಗೇತಿ. ದವಾಖಾನಿ ಆದಂಗ ಆಗೇತಿ."

"ಹೊಲಸು ಕಾಣ್ತಿತ್ತಪ್ಪ," ಎಂದ ಬಸವಕುಮಾರ.

"ಹೌದೋ. ನಿನ್ನ ಸಾಲಿ ಫೀ ಆ ಹೊಲಸಿನ್ಯಾಗ ಬಂದಿತ್ತು." ಕೊಟ್ರಪ್ಪ ಜೋಳದ ರೊಟ್ಟಿ ಮುರಿದರು. "ಸಿದ್ದಾಪುರದ ವೆಂಕೋಬ ಟ್ರಾಲಿ ಮಾಡಿಸ್ತೀನಿ ಅಂತ ಬಂದಿದ್ನಂತ. ಬಿಡುವಿಲ್ಲ ಅಂದಿಯಂತ."

"ಕಂಪನಿ ಮಂದಿ ಬಂದಾಗ ಅರ್ಧ ಮಾಡಿದ ಟ್ರಾಲಿ ಅಡ್ಡ ನಿಂತ್ರ ಏನ್ ಛಂದ?"

"ಟ್ರಾಲಿ ಶೆಡ್ಡಿನ್ಯಾಗ ಟ್ರಾಲಿ ನಿಂತ್ರ ನಾಚಿಕಿ ಆಕ್ಕೈತೇನಲೇ ನಿನಗ?"

"ತಾತ, ವೆಂಕೋಬ ಅಂಕಲ್ ಹೋದ ಸಲ ಟ್ರಾಲಿ ಹಿಂದ ನವಿಲು ಬರಿಸ್ಯಾರ," ಎಂದಳು ಮಗಳು ಮಲ್ಲೇಶ್ವರಿ. ಪಿಯುಸಿಗೆ ಹೋಗುತ್ತಿದ್ದವಳಿಗೆ ಮನೆಯ ಜಗಳಗಳ ನಡುವೆ ಬಾಯಿ ಹಾಕುವುದೊಂದು ಹವ್ಯಾಸ. "ಅದು ನವಿಲಲ್ಲ, ಕೋಳಿ. ಕೊರಿಯಾದವರು ನೋಡಿದ್ರ ಹೆದರಿ ಓಡ್ತಾರ."

ಕೊಟ್ರಪ್ಪ ನಗಬಾರದೆಂದುಕೊಂಡೂ ನಕ್ಕರು. ಬಸವಕುಮಾರ ನಗಲಿಲ್ಲ. "ನಾನೇನು ನನ್ನೊಬ್ಬನ ಸಲುವಾಗಿ ಮಾಡಾಕತ್ತೀನೇನು? ಟ್ರಾಲಿ ನಂಬ್ಕೊಂಡು ಕೂತ್ರ ಐದು ವರ್ಷದಾಗ ಶೆಡ್ಡಿಗೆ ಕೀಲಿ ಬೀಳ್ತೈತಿ."

"ಇನ್ನೊಂದು ಜರಾ ಪಲ್ಯ ಹಾಕಲೇನು?" ಎಂದು ಶೇಖರಮ್ಮ ಇಬ್ಬರ ನಡುವೆ ಬೋಗುಣಿ ತಂದಿಟ್ಟರು. ಮಾತು ಅಲ್ಲಿಗೆ ನಿಂತಿತು.

ಮೂರನೆಯ ವಾರ ಮುಗಿಯುವ ಮೊದಲೇ ಲಲಿತಳ ಫೋನಿಗೆ ಪತ್ರ ಬಂತು. ಒಂದೇ ಸಾಲು: ಮೇಲ್ಮೈ ತುಕ್ಕು ಹಿಡಿದಿರುವುದರಿಂದ ಮಾದರಿಗಳನ್ನು ಸ್ವೀಕರಿಸಲಾಗಿಲ್ಲ. ಜೊತೆಗೊಂದು ಚಿತ್ರ. ಹನ್ನೆರಡು ಕಿವಿಗಳ ಮೇಲೂ ದುಂಡುದುಂಡಾಗಿ ಕಂದು ಸುರುಳಿ. ಲಲಿತಳಿಗೆ ತನ್ನ ಕೈಯ ಓಟವೇ ಕಂಡಂತಾಯಿತು. ಒದ್ದೆ ಬಟ್ಟೆ ವಿಭೂತಿಯ ಜೊತೆ, ತುಕ್ಕು ಹಿಡಿಯದಂತೆ ಶೆಡ್ಡಿನಲ್ಲಿ ಹಚ್ಚಿದ್ದ ಎಣ್ಣೆಯನ್ನೂ ಒರೆಸಿಬಿಟ್ಟಿತ್ತು.

ಅವಳು ಬಾಯಿ ತೆರೆಯುವಷ್ಟರಲ್ಲಿ ಬಸವಕುಮಾರ ಫೋನು ಕಿತ್ತುಕೊಂಡು ಶೆಡ್ಡಿಗೆ ನಡೆದಿದ್ದ. ಅಲ್ಲಿ ಜಿಲಾನಸಾಬ ಗೇಟೊಂದಕ್ಕೆ ಬೆಸುಗೆ ಹಾಕುತ್ತಿದ್ದ. ಅರವತ್ತು ದಾಟಿದವನು, ಶೆಡ್ಡು ಶುರುವಾದಾಗಿನಿಂದ ಅಲ್ಲಿದ್ದವನು. ಟ್ರಾಲಿಗಳೆಲ್ಲ ಅವನ ಕೈಯಿಂದ ಇಳಿದವು.

"ಎಣ್ಣಿ ಹಚ್ಚಿದ್ಯೋ ಇಲ್ಲೋ?"

ಜಿಲಾನಸಾಬ ಕಣ್ಣಿನ ಕಪ್ಪು ಗಾಜು ಮೇಲೆತ್ತಿದ. "ಯಾವುದಕ್ಕ್ರೀ ಸಣ್ಣ ಸಾವ್ಕಾರ್ರ?"

"ಕಿವಿಗೆ! ನೋಡಿಲ್ಲಿ. ತುಕ್ಕು! ಇಡೀ ಜಿಲ್ಲಾದಾಗ ಮರ್ಯಾದಿ ಹೋತು. ನಲವತ್ತು ವರ್ಷ ಆತಂತ, ಒಂದು ಎಣ್ಣಿ ಹಚ್ಚಾಕ ಬರೂದಿಲ್ಲ ನಿನಗ!"

ಜಿಲಾನಸಾಬ ಫೋನನ್ನು ಕೈಗೆ ತೆಗೆದುಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಫೋನು ಹಿಂದಕ್ಕೆ ಕೊಟ್ಟು, ಕೈಗವಸು ಬಿಚ್ಚಿ ಬೆಂಚಿನ ಮೇಲಿಟ್ಟು, ಸೈಕಲ್ ತೆಗೆದುಕೊಂಡು ಹೊರಟುಹೋದ.

"ನನ್ನ ವಾರಿಗಿಯವನು ಅವನು! ಅವಗ 'ನಿನಗ' ಅಂತೀಯಾ?" ಕೊಟ್ರಪ್ಪ ಅಂಗಳದಲ್ಲಿ ಕೂಗಾಡಿದರು. "ನಾ ಜಿಲಾನನ ಕೈ ನೋಡೀನಿ. ಅವ ಎಣ್ಣಿ ಮರೆಯಾಂವಲ್ಲ. ನಿನ್ನ ಪೆಟ್ಟಿಗೀನೇ ಸುಮಾರು ಇರಬೇಕು."

"ಎಲ್ಲಾ ನಂದ ತಪ್ಪು! ಹೌದು, ನಂದ!"

ಅಂದಿನಿಂದ ಅಪ್ಪ ಮಗ ಒಟ್ಟಿಗೆ ಊಟಕ್ಕೆ ಕೂರುವುದು ನಿಂತಿತು. ಶೇಖರಮ್ಮ ಎರಡು ಸಲ ಬಡಿಸಿದರು, ಲಲಿತ ಎರಡು ಸಲ ರೊಟ್ಟಿ ಬಿಸಿ ಮಾಡಿದಳು. ಶೆಡ್ಡಿನಲ್ಲಿ ಸದ್ದಿರಲಿಲ್ಲ. ಕಾಲೇಜಿನಿಂದ ಬರುವಾಗ ಓಣಿಯ ತಿರುವಿನಲ್ಲೇ ಕೇಳುತ್ತಿದ್ದ ಸುತ್ತಿಗೆಯ ಠಣ್ ಠಣ್ ಇಲ್ಲದೆ ಅವಳಿಗೆ ಬೇರೆ ಯಾರದೋ ಮನೆಗೆ ಬಂದಂತಾಗುತ್ತಿತ್ತು. ನಾಲ್ಕು ದಿನ ಹಾಗೆ ಕಳೆದಳು. ಐದನೆಯ ದಿನ ಸಂಜೆ ಕಾಲೇಜಿನಿಂದ ನೇರ ಜಿಲಾನಸಾಬನ ಮನೆಗೆ ಹೋದಳು.

ಅವನ ಹೆಂಡತಿ ಸೈದಾನಬಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. "ಬರ್ರಿ ಸಣ್ಣವ್ವಾರ. ನೋಡ್ರಿ ನಿಮ್ಮ ಚಾಚಾನ್ನ. ಮನ್ಯಾಗ ಕುಂತು ನನ್ನ ತಲಿ ತಿನ್ನಾಕತ್ಯಾರ. ಬೋಗುಣಿ ಹಿಡಿಕಿಗೆಲ್ಲ ಹೊಸ ಮೊಳಿ ಬಡದ್ರು. ಇವತ್ತು ನನ್ನ ಕೈ ಹಿಡಿಕಿ ನೋಡಾಕತ್ತಿದ್ರು, ಎಲ್ಲಿ ಬಡೀಬೇಕಂತ."

ಲಲಿತಳಿಗೆ ನಗು ಬರಲಿಲ್ಲ. ನಿಂತಲ್ಲೇ ಹೇಳಿದಳು. "ಚಾಚಾ, ಎಣ್ಣಿ ಒರೆಸಿದಾಕಿ ನಾನು. ಒದ್ದಿ ಅರಬಿಲೆ ಒರೆಸಿದೆ."

ಜಿಲಾನಸಾಬ ಅವಳನ್ನು ನೋಡಿ ತಲೆಯಾಡಿಸಿದ. "ಹೆಣ್ಮಕ್ಕಳ ಕೈ ಅಂತ ಫೋಟೋ ನೋಡಿದ ಕೂಡ್ಲೇ ಗೊತ್ತಾತ್ರಿ. ಎಣ್ಣಿ ಹಚ್ಚಿಲ್ಲಂದ್ರ ತುಕ್ಕು ಎಲ್ಲಾ ಕಡೆ ಏಳ್ತೈತಿ. ಇದು ತಾಟು ಒರೆಸಿದಂಗ ಸುತ್ತು ಸುತ್ತು ಇತ್ತು."

"ಮತ್ತ ಯಾಕ ಹೇಳಲಿಲ್ರಿ?"

"ನಾ ದೊಡ್ಡವ್ವಾರು ಅಂದ್ಕೊಂಡಿದ್ದೆ." ಅವನು ಧ್ವನಿ ತಗ್ಗಿಸಿದ. "ನಾ ಹದಿನೆಂಟರ ಹುಡುಗ ಇದ್ದಾಗಿಂದ ಅವರ ಕೈಯಾನ ಊಟ ಉಂಡೀನ್ರಿ. ರೋಜಾ ಇದ್ದಾಗ ಸಂಜಿಗೆ ನೆನಪಿಟ್ಟು ಉತ್ತತ್ತಿ ಕಳಿಸೋರು. ಅವರ ಹೆಸರು ನನ್ನ ಬಾಯಾಗ ಹೆಂಗ ಬರಬೇಕು?"

ಸೈದಾನಬಿ ಚಹಾ ತಂದಿಟ್ಟಳು. ಲಲಿತ ಕುಡಿದು ಎದ್ದಳು.

ಆ ರಾತ್ರಿ ಅವಳು ಇಬ್ಬರಿಗೂ ಒಟ್ಟಿಗೆ ತಾಟು ಹಾಕಿ, ಇಬ್ಬರೂ ಕೂರುವ ತನಕ ಅನ್ನ ಬಡಿಸದೆ ನಿಂತಳು. ಕೂತ ಮೇಲೆ ಬಡಿಸಿ ಹೇಳಿದಳು. ಕಿವಿಗಳ ಮೇಲೆ ಧೂಳು ಕಂಡಿತು, ಒದ್ದೆ ಬಟ್ಟೆಯಿಂದ ಒರೆಸಿದೆ, ಎಣ್ಣೆ ಇರಬೇಕೆಂದು ಹೊಳೆಯಲಿಲ್ಲ. ಜಿಲಾನ ಚಾಚಾನದು ಏನೂ ತಪ್ಪಿಲ್ಲ.

ಬಸವಕುಮಾರನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. "ಎಂ.ಎ. ಓದಿದಾಕಿ," ಎಂದ ಕೊನೆಗೆ. "ಕಬ್ಬಿಣಕ್ಕ ನೀರು ಹಚ್ಚಬಾರದು ಅಂತ ನಮ್ಮ ಎಮ್ಮಿಗೂ ಗೊತ್ತೈತಿ."

"ಎಮ್ಮಿ ಮಾರಿ ಮೂರು ವರ್ಷ ಆತು ಪಪ್ಪಾ," ಎಂದಳು ಮಲ್ಲೇಶ್ವರಿ.

"ನೀ ಸುಮ್ಮನಿರು!"

ಅವನು ಒಂದು ಗಂಟೆ ಬೈದ. ಅಂಗಳದಲ್ಲಿ ಬೈದ, ಮಲಗುವ ಕೋಣೆಯಲ್ಲೂ ಬೈದ. ಬೆಳಗ್ಗೆ ಎದ್ದು, ಯಾರಿಗೂ ಹೇಳದೆ, ಬೈಕಿನಲ್ಲಿ ಹೋಗಿ ಜಿಲಾನಸಾಬನನ್ನು ಹಿಂದೆ ಕೂರಿಸಿಕೊಂಡು ಬಂದ. ತಪ್ಪಾಯಿತು ಎಂದನೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಎಂಟೂವರೆಗೆ ಶೆಡ್ಡಿನಿಂದ ಠಣ್ ಎಂಬ ಸದ್ದು ಬಂತು. ಕೊಟ್ರಪ್ಪ ಪತ್ರಿಕೆಯಿಂದ ತಲೆ ಎತ್ತದೆ, "ಎರಡು ರೊಟ್ಟಿ ಜಾಸ್ತಿ ಮಾಡ್ರಿ ಇವತ್ತ," ಎಂದರು.

ಅಡುಗೆಮನೆಯಲ್ಲಿ ಶೇಖರಮ್ಮ ಹಿಟ್ಟು ನಾದುತ್ತ ಸೊಸೆಯತ್ತ ತಿರುಗಲಿಲ್ಲ. "ಧೂಳಲ್ಲ ಅದು," ಎಂದರು.

"ಅತ್ತಿ..."

"ನನ್ನ ವಿಭೂತಿ. ನಾ ಹಚ್ಚದಿದ್ರ ನೀ ಒರೆಸ್ತಿರಲಿಲ್ಲ. ಬೈಗುಳ ನೀ ತಿಂದಿ."

"ಆತು ಬಿಡ್ರಿ. ಮುಗೀತು."

ಶೇಖರಮ್ಮ ಹಿಟ್ಟಿನ ಉಂಡೆಯನ್ನು ಹಲಗೆಯ ಮೇಲೆ ಹಾಕಿ ತಟ್ಟಿದರು. "ಇನ್ನೊಂದು ಸಲ ಕಳಸೂದಾದ್ರ ಪೆಟ್ಟಿಗಿ ಮ್ಯಾಲ ಹಚ್ತೀನಿ ತಗಾ. ಒಳಗ ಕೈ ಹಾಕೂದಿಲ್ಲ."

ಇನ್ನೊಂದು ಸಲ ಕಳಿಸಲು ಬಿಡಿ ಎಂದು ಲಲಿತ ಪುಣೆಗೆ ಬರೆದಳು. ಎರಡು ದಿನದ ನಂತರ, ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದಾಗ, ಫೋನು ಬಂತು. ಪರೀಕ್ಷೆ ಮಾಡುವ ಇಂಜಿನಿಯರು. ಚಿಕ್ಕ ವಯಸ್ಸಿನ ಹೆಣ್ಣುಮಗಳ ಧ್ವನಿ. ಹದಿನೈದು ದಿನದೊಳಗೆ ಇನ್ನೊಂದು ಸಲ ಕಳಿಸಬಹುದು ಎಂದಳು. ಆಮೇಲೆ, ಹೇಳಲೋ ಬೇಡವೋ ಎಂಬಂತೆ ಸ್ವಲ್ಪ ತಡೆದು, ಸೇರಿಸಿದಳು. ತುಕ್ಕು ಕಂಡ ಕೂಡಲೇ ಹಿಂದಕ್ಕೆ ಹಾಕುವುದು ನಿಯಮ, ಅದಕ್ಕೆ ಪತ್ರದಲ್ಲಿ ಅಷ್ಟೇ ಬರೆದದ್ದು. ಆದರೆ ತಾನು ಅಳತೆಯನ್ನೂ ತೆಗೆದು ನೋಡಿದೆ. ತುಕ್ಕು ಇಲ್ಲದಿದ್ದರೂ ಅವು ಪಾಸಾಗುತ್ತಿರಲಿಲ್ಲ. ನಕ್ಷೆಯಲ್ಲಿ ದಪ್ಪ ಆರು ಮಿಲಿಮೀಟರ್, ನಿಮ್ಮವು ಎಂಟಿವೆ. ಬ್ಯಾಟರಿ ಗಾಡಿಯಲ್ಲಿ ಒಂದೊಂದು ಗ್ರಾಂ ಭಾರವೂ ಲೆಕ್ಕವೇ. ಬೆಸುಗೆ ಮಾತ್ರ ಬಹಳ ಚೆನ್ನಾಗಿದೆ, ದಪ್ಪ ನೋಡಿಕೊಳ್ಳಿ.

ಮನೆಯಲ್ಲಿ ಅವಳು, ಪುಣೆಯ ಹೆಣ್ಣುಮಗಳೊಬ್ಬಳು ಫೋನು ಮಾಡಿ ಇನ್ನೊಂದು ಸಲ ಕಳಿಸಿ ಎಂದಳು ಎಂದಷ್ಟೇ ಹೇಳಿದಳು. ಅಂದು ಸಂಜೆ ಮಾವನಿಗೆ ಚಹಾ ಕೊಡುತ್ತ, ಏನೂ ಅಲ್ಲದ ಮಾತಿನಂತೆ ಕೇಳಿದಳು. "ಮಾವಾರ, ಕಿವಿಗೆ ಎಷ್ಟು ದಪ್ಪದ ಪ್ಲೇಟು ಹಾಕಿದ್ರಿ?"

ಕೊಟ್ರಪ್ಪನವರ ಮುಖ ಅರಳಿತು. ಈಚೆಗೆ ಅವರನ್ನು ಕಬ್ಬಿಣದ ಬಗ್ಗೆ ಯಾರೂ ಏನೂ ಕೇಳುತ್ತಿರಲಿಲ್ಲ.

"ಕೇಳಿದ್ಯಲ್ಲ, ಛಲೋ ಆತು. ಅವರು ಬರದದ್ದು ಆರು ಮಿಲಿಮೀಟರ್, ಅಂದ್ರ ಎರಡು ಸೂತು. ಸೂತು ಅಂದ್ರ ಇಂಚಿನ್ಯಾಗ ಎಂಟನೇ ಪಾಲು, ನಮ್ಮ ಹಳೇ ಲೆಕ್ಕ. ಜಿಲಾನನೂ ಅಂದ, 'ಸಾವ್ಕಾರ್ರ, ನಕ್ಷಾದಾಗ ಎರಡೇ ಐತಿ' ಅಂತ. ನಾ ಬಿಡಲಿಲ್ಲ. ಎರಡೂವರಿ ತರಿಸಿದೆ. ಅರ್ಧ ಸೂತು ನಮ್ಮ ಕಡೆಯಿಂದ." ಅವರು ಚಹಾ ಬಸಿಗೆ ಸುರಿದುಕೊಂಡರು. "ನನ್ನ ಅಂಗಳದಾಗಿಂದ ಹೋದ ಒಂದು ಟ್ರಾಲೀನೂ ಹೇಳಿದಷ್ಟೇ ದಪ್ಪ ಇರಲಿಲ್ಲವ್ವ. ನಿಮ್ಮಪ್ಪನ್ನ ಕೇಳು ಬೇಕಾದ್ರ. ಅರವತ್ತು ಚೀಲದ ಟ್ರಾಲಿಗೆ ನೂರು ಚೀಲ ಹೇರಿ ಕಾಲುವಿ ಏರಿ ಹತ್ತಿಸ್ತಿದ್ರು. ಒಂದು ಕಿವಿ ಮುರಿದಿಲ್ಲ. ಹೇಳಿದಷ್ಟು ಕೊಡಾಂವ ಅಂಗಡಿಯಾಂವ. ನಾ ಏನು ಅಂಗಡಿ ಇಟ್ಟೀನೇನು?"

"ಇವರಿಗೆ ಗೊತ್ತೈತೇನ್ರಿ?"

"ಕುಮಾರಗ? ಅವಗ ಎರಡು ಸೂತು ಕಾಣೂದಿಲ್ಲ, ಎರಡೂವರಿ ಕಾಣೂದಿಲ್ಲ. ಕಾಗದ ಓದ್ತಾನ ಅಷ್ಟ. ಪಾಸ್ ಆದ ಮ್ಯಾಲ ಹೇಳಬೇಕಂತ ಮಾಡೀನಿ."

ಲಲಿತ ಖಾಲಿ ಬಸಿ ತೆಗೆದುಕೊಂಡು ಒಳಗೆ ಹೋದಳು. ಗಂಡನಿಗೆ ಫೋನಿನಲ್ಲಿ ಬಂದ ಈ ದಪ್ಪದ ಮಾತು ಹೇಳಿದರೆ ತನ್ನ ಮೇಲಿನ ತಪ್ಪು ಅರ್ಧ ಇಳಿಯುತ್ತಿತ್ತು. ಅರ್ಧವೇನು, ಪೂರ್ತಿ. ಆದರೆ ಅಪ್ಪ ಮಗ ಒಂದೇ ಸಾಲಿನಲ್ಲಿ ಕೂತು ಊಟ ಮಾಡತೊಡಗಿ ಇನ್ನೂ ವಾರವಾಗಿರಲಿಲ್ಲ. ಬಸವಕುಮಾರ ಆ ಮಾತನ್ನು ಎಲ್ಲಿ, ಯಾವ ದನಿಯಲ್ಲಿ, ಯಾರ ಮುಂದೆ ಎತ್ತುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಅವಳು ಎರಡು ಕೆಲಸ ಮಾಡಿದಳು. ಒಂದು, ಮಾವನ ಕಣ್ಣಿನ ಪೊರೆಯ ಆಪರೇಷನ್ ಒಂದು ವರ್ಷದಿಂದ ಮುಂದೆ ಹೋಗುತ್ತಿತ್ತು. ಗಂಗಾವತಿಯ ದವಾಖಾನೆಗೆ ತಾನೇ ಫೋನು ಮಾಡಿ ಆ ವಾರವೇ ದಿನ ಗೊತ್ತು ಮಾಡಿದಳು.

"ಕಿವಿ ಮಾಡೋ ಹೊತ್ತಿನ್ಯಾಗ ಕಣ್ಣಿಂದು ಎಲ್ಲಿ ತಂದ್ಯವ್ವಾ?" ಎಂದು ಕೊಟ್ರಪ್ಪ ಗೊಣಗಿದರು.

"ಕಂಪನಿಯವರು ಬಂದಾಗ ಅವರ ಮುಖ ಸರಿಯಾಗಿ ಕಾಣಬೇಕಲ್ರಿ," ಎಂದಳು. ಅದು ಸುಳ್ಳೂ ಆಗಿರಲಿಲ್ಲ.

ಎರಡನೆಯದು ಜಿಲಾನಸಾಬನ ಹತ್ತಿರ. "ಚಾಚಾ, ಈ ಸಲ ನಕ್ಷಾದಾಗ ಇದ್ದಷ್ಟೇ ಹಾಕ್ರಿ. ಎರಡೇ ಸೂತು."

ಜಿಲಾನಸಾಬ ಸುತ್ತಿಗೆ ಕೆಳಗಿಟ್ಟ. "ಸಾವ್ಕಾರ್ರು?"

"ಮಾವಾರಿಗೆ ಕಣ್ಣಿನ ಆಪರೇಷನ್ ಐತಿ, ಒಂದು ವಾರ ಶೆಡ್ಡಿಗೆ ಬರೂದಿಲ್ಲ."

ಕೊಟ್ರಪ್ಪ ಯಾವಾಗಲೂ ಕಬ್ಬಿಣ ಕೊಳ್ಳುತ್ತಿದ್ದ ಅಂಗಡಿಯನ್ನು ಜಿಲಾನಸಾಬ ಬಿಟ್ಟು, ಗಂಗಾವತಿಯಲ್ಲಿ ಲೇತ್ ನಡೆಸುತ್ತಿದ್ದ ತನ್ನ ಅಳಿಯ ರಫೀಯ ಕೈಯಲ್ಲಿ ತೆಳು ಪ್ಲೇಟು ತರಿಸಿದ. ಹನ್ನೆರಡು ಕಿವಿ ಮಾಡಿ, ತನ್ನ ಕೈಯಾರೆ ಎಣ್ಣೆ ಹಚ್ಚಿ, ಎಣ್ಣೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಪಟ್ಟಿ ಹಾಕಿದ. ಶೇಖರಮ್ಮ ಪೆಟ್ಟಿಗೆಯ ಮೇಲೆ ಮೂರು ಬೆರಳು ಎಳೆದರು. ಬಸವಕುಮಾರ ಅದನ್ನು ಎತ್ತಿಕೊಂಡು ಪುಣೆಗೆ ಹೋದ. ಪೆಟ್ಟಿಗೆ ಹಗುರವಾಗಿದೆ ಎಂಬುದು ಅವನಿಗೆ ಹೊಳೆಯಲೂ ಇಲ್ಲ.

ಆ ವಾರ ಕೊಟ್ರಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತು ಹಳೆಯ ಟ್ರಾಲಿಗಳನ್ನು ಎಣಿಸಿದರು. ಕುಷ್ಟಗಿಯ ದಾಳಿಂಬೆ ತೋಟದವನದು, ಯಲಬುರ್ಗಿಯ ಮೇಷ್ಟ್ರು ತಮ್ಮನಿಗೆ ಮಾಡಿಸಿದ್ದು, ಹಿಂದಿನ ಹಲಗೆಯ ಮೇಲೆ ಹೆಂಡತಿಯರಿಬ್ಬರ ಹೆಸರನ್ನೂ ಬರೆಸಿದವನದು. ಮಲ್ಲೇಶ್ವರಿ ಕಣ್ಣಿಗೆ ಹನಿ ಹಾಕುತ್ತ ಕೇಳುತ್ತಿದ್ದಳು. "ಯಾರ ಹೆಸರು ಮೊದಲಿತ್ತು ತಾತ?" ಲಲಿತ ತರಕಾರಿ ಹೆಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಅಪ್ಪನ ಟ್ರಾಲಿಯ ಸರದಿಯೂ ಬಂತು. ಗಿಳಿಹಸಿರು ಎಂದು ಅವರಿಗೂ ನೆನಪಿತ್ತು.

ತಿಂಗಳ ಕೊನೆಗೆ ಉತ್ತರ ಬಂತು. ಪಾಸು. ಜಿಲ್ಲೆಯ ಹತ್ತರಲ್ಲಿ ಏಳು ಶೆಡ್ಡುಗಳು ಪಾಸಾಗಿದ್ದವು. ಬಂಡವಾಳ ಇಲ್ಲಿಗೇ ಬರುತ್ತದೆಂದು ಮರುದಿನ ಪತ್ರಿಕೆಯಲ್ಲೂ ಬಂತು. ಮುಂದೆ ಪ್ಲೇಟುಗಳನ್ನು ಕಂಪನಿಯೇ ಯಂತ್ರದಲ್ಲಿ ಕತ್ತರಿಸಿ ಕಳಿಸುತ್ತದೆ, ಶೆಡ್ಡಿನಲ್ಲಿ ಬಾಗಿಸಿ ಬೆಸುಗೆ ಹಾಕುವುದಷ್ಟೇ ಕೆಲಸ ಎಂದು ಕರಾರಿನಲ್ಲಿತ್ತು. ಬಸವಕುಮಾರ ಅದನ್ನು ಓದಿ ಹೇಳಿದಾಗ ಕೊಟ್ರಪ್ಪ, "ಹಂಗಾರ ಕಬ್ಬಿಣ ಆರಿಸೂದು ತಪ್ಪಿತು," ಎಂದರು.

ಶೇಖರಮ್ಮ ಹೋಳಿಗೆ ಮಾಡಿದರು. ಬಹಳ ದಿನಗಳ ಮೇಲೆ ಪಡಸಾಲೆಯಲ್ಲಿ ಉದ್ದಕ್ಕೆ ಎಲೆ ಬಿದ್ದವು. ಜಿಲಾನಸಾಬ, ಸೈದಾನಬಿ ಕೂಡ ಬಂದಿದ್ದರು.

"ಈಗ ಹೇಳ್ತೀನಿ ಕೇಳು," ಎಂದರು ಕೊಟ್ರಪ್ಪ ಮಗನಿಗೆ, ಹೋಳಿಗೆ ಮುರಿಯುತ್ತ. "ನಿನ್ನ ಕಂಪನಿಯವರು ಎರಡು ಸೂತು ಅಂದಿದ್ರು. ನಾ ಎರಡೂವರಿ ಹಾಕಿಸಿದ್ದೆ. ಅರ್ಧ ಸೂತು ನಮ್ಮ ಕಡೆಯಿಂದ. ಅದಕ್ಕ ಪಾಸಾತು."

ಜಿಲಾನಸಾಬ ಎಲೆಯಿಂದ ತಲೆ ಎತ್ತಲಿಲ್ಲ.

ಬಸವಕುಮಾರ ಅಪ್ಪನ ಮುಖ ನೋಡಿದ. "ಹೌದೇನಪ್ಪ?" ಎಂದ ಅವನು. ದನಿಯಲ್ಲಿ ಕೊಂಕಿರಲಿಲ್ಲ. "ನನಗ ತಿಳಿದಿರಲಿಲ್ಲ ನೋಡು. ನಿನ್ನ ಕೈ ಉಳಿಸ್ತು ಹಂಗಾರ."

"ಮಮ್ಮಿ ಒದ್ದಿ ಅರಬಿ ತರಲಿಲ್ಲಂದ್ರ ಮೊದಲನೇ ಸಲಾನ ಉಳಸ್ತಿತ್ತು," ಎಂದಳು ಮಲ್ಲೇಶ್ವರಿ. ಎಲ್ಲರೂ ನಕ್ಕರು. ಬಸವಕುಮಾರ ಎಲ್ಲರಿಗಿಂತ ಜೋರಾಗಿ ನಕ್ಕ. "ಇನ್ನ ಮ್ಯಾಲೆ ನಿಮ್ಮಮ್ಮನ್ನ ಶೆಡ್ಡಿನ ಹೊಸಲು ದಾಟಾಕ ಬಿಡಬ್ಯಾಡ್ರಿ," ಎಂದ.

ಲಲಿತ ತುಪ್ಪದ ಗಿಂಡಿ ಹಿಡಿದು ಸಾಲಿನಲ್ಲಿ ಬರುತ್ತಿದ್ದಳು. ಮಾವನ ಎಲೆಯ ಮುಂದೆ ಬಾಗಿದಾಗ ಅವರು ಹೊಸ ಕಣ್ಣಿನಿಂದ ಅವಳನ್ನು ನೋಡಿ ಕೇಳಿದರು. "ಏನವ್ವಾ, ಆ ಪುಣೆ ಹೆಣ್ಮಗಳು ಫೋನ್ ಮಾಡಿದಾಗ ಮೊದಲನೇ ಪೆಟ್ಟಿಗಿ ಬಗ್ಗಿ ಮತ್ತೇನಾರ ಅಂದಿದ್ಲೇನು? ಪ್ಲೇಟಿನ ಬಗ್ಗಿ?"

"ಏನೂ ಅನ್ಲಿಲ್ರಿ ಮಾವಾರ," ಎಂದಳು. "ತುಕ್ಕು ಒಂದೇ. ಕೆಲಸ ಭಾಳ ಛಲೋ ಐತಿ ಅಂದ್ಲು."

ಕೊಟ್ರಪ್ಪ ತೃಪ್ತಿಯಿಂದ ತಲೆಯಾಡಿಸಿ ಹೋಳಿಗೆಯತ್ತ ತಿರುಗಿದರು. ಲಲಿತ ಅವರಿಗೆ ಇನ್ನೊಂದು ಧಾರೆ ತುಪ್ಪ ಹಾಕಿ, ಮುಂದಿನ ಎಲೆಗೆ, ಗಂಡನ ಎಲೆಗೆ, ಬಾಗಿದಳು. ಫೋನಿನಲ್ಲಿ ಬಂದ ಆ ದಪ್ಪದ ಮಾತನ್ನು ಇವತ್ತಲ್ಲ, ಇನ್ನು ಯಾವತ್ತೂ, ಇವನಿಗಾಗಲಿ ಮತ್ಯಾರಿಗಾಗಲಿ ಹೇಳುವುದಿಲ್ಲ ಎಂದು ಅವಳು ಅಷ್ಟರಲ್ಲಿ ನಿಶ್ಚಯಿಸಿಕೊಂಡಿದ್ದಳು.